ಬಡ್ಡಿ ಕಂತನ್ನು ದಾಟುವ ತಿಂಗಳು

ಮೊದಲ ಕೆಲಸಕ್ಕೆ ಸೇರಿದಾಗ ಮಾಡಿಕೊಂಡ ಒಂದು ಸ್ಪ್ರೆಡ್‌ಶೀಟನ್ನು ನಾನು ಈಗಲೂ ಬಳಸುತ್ತೇನೆ. ಅದರಲ್ಲಿ ನಾಲ್ಕೇ ಕಾಲಂ. ತಿಂಗಳ ಶುರುವಿನಲ್ಲಿದ್ದ ಮೊತ್ತ, ಆ ತಿಂಗಳ ಬಡ್ಡಿ, ನಾನು ಹಾಕಿದ್ದು ಅಥವಾ ಕಟ್ಟಿದ್ದು, ತಿಂಗಳ ಕೊನೆಗೆ ಉಳಿದದ್ದು. ಕೊನೆಯ ಕಾಲಂನ ಅಂಕಿ ಮುಂದಿನ ತಿಂಗಳ ಮೊದಲ ಕಾಲಂಗೆ ಹೋಗಿ ಕೂರುತ್ತದೆ. ಚಕ್ರಬಡ್ಡಿ ಅಂದರೆ ಇಷ್ಟೇ. ಉಳಿತಾಯಕ್ಕೆ ಒಂದು ಹಾಳೆ, ಶಿಕ್ಷಣ ಸಾಲಕ್ಕೆ ಒಂದು, ಕ್ರೆಡಿಟ್ ಕಾರ್ಡಿಗೆ ಒಂದು. ಮೂರಕ್ಕೂ ಲೆಕ್ಕ ಒಂದೇ, ಕೂಡಿಸುವುದು ಕಳೆಯುವುದು ಮಾತ್ರ ಬೇರೆ.

ಶಾಲೆಯಲ್ಲಿ ಕಲಿಸಿದ ಸೂತ್ರ ಗೊತ್ತಿತ್ತು. ಆದರೆ ಅದು ಕೊನೆಯ ಮೊತ್ತವನ್ನು ಮಾತ್ರ ಹೇಳುತ್ತದೆ, ಮಧ್ಯೆ ಏನಾಗುತ್ತದೆ ಅಂತ ತೋರಿಸುವುದಿಲ್ಲ. ವಯಸ್ಸು ಚಿಕ್ಕದಿರುವಾಗ ನಾವು ಇರುವುದೇ ಆ ಮಧ್ಯದಲ್ಲಿ. ಅದಕ್ಕೇ ತಿಂಗಳು ತಿಂಗಳು ಬಿಡಿಸಿ ನೋಡುವುದು ನನಗೆ ಹಿಡಿಸಿತು.

ಉಳಿತಾಯದ ಹಾಳೆಯನ್ನೇ ಮೊದಲು ನೋಡೋಣ. ತಿಂಗಳಿಗೆ 1,000 ಹಾಕುತ್ತೀರಿ, ವರ್ಷಕ್ಕೆ 8% ಬಡ್ಡಿ, ಅದು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ ಅಂತ ಇಟ್ಟುಕೊಳ್ಳಿ. ಮೊದಲ ಕಂತಿಗೆ ಒಂದು ತಿಂಗಳಲ್ಲಿ ಬರುವ ಬಡ್ಡಿ 6.67. ನಗು ಬರುತ್ತದೆ, ಅಲ್ವಾ? ವರ್ಷ ಮುಗಿದಾಗ ಹಾಕಿದ್ದು 12,000, ಬಡ್ಡಿ ಹೆಚ್ಚುಕಡಿಮೆ 450. ಬಹಳ ಜನ ಕೈಬಿಡುವುದು ಇಲ್ಲೇ. ಅವರದೇನೂ ತಪ್ಪಿಲ್ಲ, ಆ ಕಾಲಂನಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ.

ಹಾಳೆಯನ್ನು ಕೆಳಗೆ ಎಳೆಯುತ್ತಾ ಹೋದರೆ ಚಿತ್ರ ಬದಲಾಗುತ್ತದೆ. ಮೊದಲ ಹತ್ತು ವರ್ಷದಲ್ಲಿ ಬಂದ ಬಡ್ಡಿ ಸುಮಾರು 63,000. ಎರಡನೇ ಹತ್ತು ವರ್ಷದಲ್ಲಿ ಸುಮಾರು 2,86,000. ಮೂರನೇ ಹತ್ತರಲ್ಲಿ 7,81,000. ನಾವು ಕೈಯಿಂದ ಹಾಕಿದ್ದು ಮಾತ್ರ ಪ್ರತಿ ಹತ್ತು ವರ್ಷಕ್ಕೂ ಅದೇ 1,20,000.

ಈ ದೊಡ್ಡ ಅಂಕಿಗಳಿಗಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಗುರುತು. ಯಾವ ತಿಂಗಳಿನಿಂದ ಬಡ್ಡಿಯ ಕಾಲಂ ನನ್ನ ಕಂತಿಗಿಂತ ದೊಡ್ಡದಾಗುತ್ತದೆ ಅಂತ ಹುಡುಕಿದೆ. 8% ಆದರೆ ಅದು ಹತ್ತಿರ ಹತ್ತಿರ 8 ವರ್ಷ 9 ತಿಂಗಳಿಗೆ ಬರುತ್ತದೆ. ಆಗ ಗಂಟು ಒಂದೂವರೆ ಲಕ್ಷ ಆಗಿರುತ್ತದೆ, ಅದರ ಒಂದು ತಿಂಗಳ ಬಡ್ಡಿಯೇ 1,000. ಅಲ್ಲಿಂದ ಮುಂದೆ ನನ್ನ ಜೊತೆ ಇನ್ನೊಬ್ಬರು ಕಂತು ಹಾಕಿದ ಹಾಗೆ. ಕಂತು 1,000 ಇದ್ದದ್ದನ್ನು 5,000 ಮಾಡಿ ನೋಡಿದೆ. ತಿಂಗಳು ಬದಲಾಗಲೇ ಇಲ್ಲ! ಯಾಕೆ ಅಂತ ಕಾಗದದ ಮೇಲೆ ಬಿಡಿಸಿದಾಗ ಗೊತ್ತಾಯಿತು: ಒಂದು ಮೊತ್ತ ಆ ಬಡ್ಡಿದರದಲ್ಲಿ ದುಪ್ಪಟ್ಟಾಗಲು ಎಷ್ಟು ಕಾಲ ಬೇಕೋ, ಬಡ್ಡಿ ಕಂತನ್ನು ದಾಟಲೂ ಅಷ್ಟೇ ಕಾಲ ಬೇಕು. ಎಷ್ಟು ಹಾಕುತ್ತೀರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ದುಪ್ಪಟ್ಟಾಗುವ ಕಾಲ ಬಾಯಲ್ಲೇ ಲೆಕ್ಕ ಹಾಕಬಹುದು. 72ನ್ನು ಬಡ್ಡಿದರದಿಂದ ಭಾಗಿಸಿ. 6% ಗೆ 12 ವರ್ಷ, 8% ಗೆ 9, 12% ಗೆ 6. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲೇ ಈ 72ರ ಲೆಕ್ಕ ಕೊಟ್ಟಿದ್ದಾನೆ. ಯಾಕೆ 72 ಅಂತ ಮಾತ್ರ ಅಲ್ಲಿ ವಿವರಿಸಿಲ್ಲ. ಇದು ಅಂದಾಜು ಲೆಕ್ಕ, ಕೆಲವು ತಿಂಗಳು ಆಚೀಚೆ ಆಗುತ್ತದೆ. ಆದರೆ ಕೆಲಸಕ್ಕೆ ಸಾಕು.

ಈ ಹಾಳೆ ಕಲಿಸಿದ ಇನ್ನೊಂದು ವಿಷಯ, ಕೆಲಸ ಶುರು ಮಾಡಿದ ಹೊಸತರಲ್ಲಿ ಬಡ್ಡಿದರದ ಬೆನ್ನು ಹತ್ತುವುದರಲ್ಲಿ ಅಷ್ಟೊಂದು ಲಾಭವಿಲ್ಲ. 8% ಬಿಟ್ಟು 10% ಹುಡುಕಿಕೊಂಡು ಹೋದರೆ ಹತ್ತು ವರ್ಷಕ್ಕೆ ಸುಮಾರು 22,000 ಜಾಸ್ತಿ ಸಿಗುತ್ತದೆ. ಅದೇ 8% ನಲ್ಲೇ ಇದ್ದು, ಕಂತನ್ನು 1,000 ದಿಂದ 1,200 ಮಾಡಿದರೆ 36,000ಕ್ಕೂ ಜಾಸ್ತಿ. ಆ ಹೆಚ್ಚುವರಿ ಗಂಟಿನಲ್ಲಿ 24,000 ನಮ್ಮದೇ ದುಡ್ಡು, ನಿಜ. ಆದರೆ ಅದಕ್ಕೆ ಯಾವ ಅಪಾಯವೂ ಇಲ್ಲ. ಮೂವತ್ತು ವರ್ಷದ ಲೆಕ್ಕದಲ್ಲಿ ಇದು ತಿರುಗಿಬೀಳುತ್ತದೆ: ಆಗ 2% ಜಾಸ್ತಿ ಬಡ್ಡಿ ತರುವುದು ಏಳೂಮುಕ್ಕಾಲು ಲಕ್ಷದ ಹತ್ತಿರ, 200 ಜಾಸ್ತಿ ಹಾಕಿದ್ದು ತರುವುದು ಮೂರು ಲಕ್ಷದ ಹತ್ತಿರ. ಹಾಗಾಗಿ ಮೊದಲ ಕೆಲವು ವರ್ಷ ಸಂಬಳ ಏರಿದಾಗಲೆಲ್ಲ ಕಂತು ಏರಿಸುವುದನ್ನೇ ಮಾಡಿದೆ. ಎಲ್ಲಿ ಹೂಡಬೇಕು ಅಂತ ತಲೆ ಕೆಡಿಸಿಕೊಂಡದ್ದು ಆಮೇಲೆ.

‘ದಿನಕ್ಕೊಮ್ಮೆ ಬಡ್ಡಿ ಸೇರುತ್ತದೆ’ ಅನ್ನುವ ಜಾಹೀರಾತಿನ ಬಗ್ಗೆ ಒಂದು ಮಾತು. 8% ವರ್ಷಕ್ಕೊಮ್ಮೆ ಸೇರಿದರೆ 8%, ತಿಂಗಳಿಗೊಮ್ಮೆ ಸೇರಿದರೆ 8.30%, ದಿನಾ ಸೇರಿದರೆ 8.33%. ಅಷ್ಟೇ ವ್ಯತ್ಯಾಸ. ಎಷ್ಟು ಸಲ ಸೇರಿಸಿದರೂ ಒಂದು ಮಿತಿ ದಾಟುವುದಿಲ್ಲ ಅಂತ 1683ರಲ್ಲೇ ಗಣಿತಜ್ಞ ಯಾಕೋಬ್ ಬರ್ನೂಲಿ ಲೆಕ್ಕ ಹಾಕಿದ್ದ. ಅವನು ಹಿಡಿದದ್ದು 100% ಬಡ್ಡಿಯನ್ನು, ಆದರೂ ಒಂದು ವರ್ಷಕ್ಕೆ ಒಂದು ನಾಣ್ಯ 2.718ಕ್ಕಿಂತ ಜಾಸ್ತಿ ಆಗುವುದಿಲ್ಲ.

ಹೂಡಿಕೆಗೆ ಬಂದಾಗ ಈ ಹಾಳೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಷೇರಿನಲ್ಲಿ ಪ್ರತಿ ತಿಂಗಳೂ ಒಂದೇ ದರ ಅನ್ನುವುದು ಇಲ್ಲ. ಒಂದು ವರ್ಷ 30% ಏರಿ, ಇನ್ನೊಂದು ವರ್ಷ 14% ಇಳಿದರೆ ಸರಾಸರಿ 8% ಅಂತ ಹೇಳಬಹುದು. ಕೈಗೆ ಬರುವುದು 8% ಅಲ್ಲ. 100 ಇದ್ದದ್ದು 130 ಆಗಿ, ಅದರಿಂದ 14% ಹೋಗಿ 111.8 ಆಗುತ್ತದೆ. ವರ್ಷಕ್ಕೆ 5.7% ಬಂದ ಹಾಗಾಯಿತು. ಯಾರಾದರೂ ಸರಾಸರಿ ಲಾಭ ಹೇಳಿದರೆ, ವರ್ಷ ವರ್ಷ ಗುಣಿಸಿದ ಲೆಕ್ಕವಾ, ಸುಮ್ನೆ ಕೂಡಿ ಭಾಗಿಸಿದ್ದಾ ಅಂತ ಕೇಳುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ.

ಶುಲ್ಕವೂ ಚಕ್ರಬಡ್ಡಿಯ ಹಾಗೇ ಬೆಳೆಯುತ್ತದೆ. ವರ್ಷಕ್ಕೆ 1% ಶುಲ್ಕ ಕೇಳಿದರೆ ಏನೂ ಅನ್ನಿಸುವುದಿಲ್ಲ. 100ನ್ನು 8% ನಲ್ಲಿ ಮೂವತ್ತು ವರ್ಷ ಬಿಟ್ಟರೆ 1,006, ಶುಲ್ಕ ಕಳೆದು 7% ಆದರೆ 761. ಹತ್ತಿರ ಹತ್ತಿರ ಕಾಲು ಭಾಗ ಹೋಯಿತು. ನಾನು ಫಂಡ್ ಆರಿಸುವಾಗ ಮೊದಲು ನೋಡುವುದು ಶುಲ್ಕವನ್ನೇ, ಯಾಕೆಂದರೆ ಮೊದಲೇ ಖಚಿತವಾಗಿ ಗೊತ್ತಿರುವ ಅಂಕಿ ಅದೊಂದೇ. ಬೆಲೆ ಏರಿಕೆಯನ್ನೂ ಕಳೆಯಬೇಕು. 8% ಬಂದು ಬೆಲೆಗಳು 5% ಏರಿದರೆ ಉಳಿಯುವುದು 2.9% ಒಳಗೆ, ಅದರಲ್ಲಿ ಕೊಳ್ಳುವ ಶಕ್ತಿ ದುಪ್ಪಟ್ಟಾಗಲು 25 ವರ್ಷ ಬೇಕು.

ಕಾಗದದ ಲೆಕ್ಕಕ್ಕೂ ನಿಜಕ್ಕೂ ಇರುವ ಅಂತರಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಅಮೆರಿಕದ ನಾಯಕ ಬೆಂಜಮಿನ್ ಫ್ರಾಂಕ್ಲಿನ್‌ದು. 1790ರಲ್ಲಿ ತೀರಿಕೊಂಡಾಗ ಅಲ್ಲಿನ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ಬಿಟ್ಟಿದ್ದ. ಅದನ್ನು 25 ತುಂಬದ ಯುವ ಕಸುಬುದಾರರಿಗೆ 5% ಬಡ್ಡಿಗೆ ಸಾಲ ಕೊಡಬೇಕು, ಬಂದ ಬಡ್ಡಿಯನ್ನು ಮತ್ತೆ ಸಾಲಕ್ಕೇ ಬಿಡಬೇಕು, ನೂರು ವರ್ಷದಲ್ಲಿ 1,31,000 ಪೌಂಡ್ ಆಗುತ್ತದೆ ಅಂತ ಲೆಕ್ಕ ಬರೆದಿಟ್ಟಿದ್ದ. ಗುಣಿಸಿ ನೋಡಿ, ಲೆಕ್ಕ ಸರಿಯಾಗಿದೆ. ಆದರೆ ಎರಡೂ ಊರಲ್ಲಿ ಅಷ್ಟು ಬೆಳೆಯಲಿಲ್ಲ. 1990ಕ್ಕೆ ಇನ್ನೂರು ವರ್ಷ ತುಂಬಿದಾಗ ಬಾಸ್ಟನ್ನಿನ ನಿಧಿ 50 ಲಕ್ಷ ಡಾಲರ್ ಆಸುಪಾಸಿನಲ್ಲಿತ್ತು, ಫಿಲಡೆಲ್ಫಿಯಾದ್ದು ಹೆಚ್ಚುಕಡಿಮೆ ಅದರ ಅರ್ಧ. ಒಂದೇ ಮೊತ್ತ, ಒಂದೇ ಷರತ್ತು, ನೋಡಿಕೊಂಡ ಕೈ ಬೇರೆ.

ಇನ್ನು ಸಾಲ. ಕ್ರೆಡಿಟ್ ಕಾರ್ಡಿನ ಹಾಳೆಯಲ್ಲಿ ದರವನ್ನು ತಿಂಗಳಿಗೆ 3% ಅಂತ ಹಾಕಿ ನೋಡಿ. ವರ್ಷಕ್ಕೆ 36% ಅನ್ನಿಸುತ್ತದೆ, ತಿಂಗಳು ತಿಂಗಳು ಸೇರುವುದರಿಂದ ನಿಜಕ್ಕೂ 42.6%. ಏನೂ ಕಟ್ಟದಿದ್ದರೆ ಎರಡು ವರ್ಷದೊಳಗೆ ದುಪ್ಪಟ್ಟು. ‘ಮಿನಿಮಮ್ ಡ್ಯೂ’, ಅಂದರೆ ಬ್ಯಾಂಕ್ ಕೇಳುವ ಕನಿಷ್ಠ ಮೊತ್ತ, ಕಟ್ಟುತ್ತಿದ್ದೇನಲ್ಲ ಅನ್ನುವವರು ಈ ಲೆಕ್ಕ ಮಾಡಲೇಬೇಕು. ಬಾಕಿ 100, ತಿಂಗಳಿಗೆ ಬಾಕಿಯ 5% ಕಟ್ಟುತ್ತೀರಿ, ಹೊಸದಾಗಿ ಏನೂ ಕೊಳ್ಳುವುದಿಲ್ಲ. ವರ್ಷದ ಕೊನೆಗೆ ನೀವು ಕಟ್ಟಿದ್ದು 55, ಬಾಕಿ ಇನ್ನೂ 77! ನಾನು ಕಾರ್ಡ್ ಬಳಸುತ್ತೇನೆ, ಆದರೆ ಪೂರ್ತಿ ಬಾಕಿ ತಾನಾಗೇ ಕಡಿತ ಆಗುವ ಹಾಗೆ ಹಾಕಿಟ್ಟಿದ್ದೇನೆ. ಈ ದರದ ಸಾಲ ತಲೆ ಮೇಲಿದ್ದರೆ, ಆಪತ್ತಿಗೆ ಬೇಕಾಗುವಷ್ಟು ಬದಿಗಿಟ್ಟು ಮಿಕ್ಕಿದ್ದೆಲ್ಲ ಅದಕ್ಕೇ. 8% ಉಳಿತಾಯ ಅಲ್ಲಿ ಲೆಕ್ಕಕ್ಕಿಲ್ಲ.

ತಮ್ಮ ಒಮ್ಮೆ ಫೋನ್ ಮಾಡಿ, "ಅಕ್ಕಾ, ಗಾಡಿಗೆ ಸಾಲ ಹತ್ತೇ ಪರ್ಸೆಂಟ್ ಅಂತೆ, ಮೂರು ವರ್ಷಕ್ಕೆ" ಅಂದ.

"ಹತ್ತು ಅಂದ್ರೆ ಯಾವುದರ ಮೇಲೆ, ಕೇಳಿದ್ಯಾ?"

"ಫ್ಲಾಟ್ ಅಂದ್ರು."

ಫ್ಲಾಟ್ ಅಂದರೆ ಮೊದಲು ಕೊಟ್ಟ ಪೂರ್ತಿ ಸಾಲದ ಮೇಲೆ ಮೂರೂ ವರ್ಷ ಬಡ್ಡಿ. ಒಂದು ಲಕ್ಷಕ್ಕೆ ಮೂವತ್ತು ಸಾವಿರ ಬಡ್ಡಿ ಸೇರಿಸಿ, 36 ಕಂತಿಗೆ ಹಂಚಿದರೆ ತಿಂಗಳಿಗೆ 3,611. ಆದರೆ ತಿಂಗಳು ತಿಂಗಳು ಅಸಲು ತೀರುತ್ತಾ ಬರುತ್ತದಲ್ಲ, ಅವನ ಕೈಯಲ್ಲಿ ಸರಾಸರಿ ಉಳಿಯುವುದು ಅರ್ಧದಷ್ಟು ಸಾಲ ಮಾತ್ರ. ನನ್ನ ಹಾಳೆಯಲ್ಲಿ 3,611 ಹಾಕಿ, 36ನೇ ತಿಂಗಳಿಗೆ ಬಾಕಿ ಸೊನ್ನೆ ಆಗುವವರೆಗೆ ದರ ಬದಲಿಸುತ್ತಾ ಹೋದೆವು. ಸುಮಾರು 18% ಗೆ ಬಂದು ನಿಂತಿತು. ಆಮೇಲೆ ಅವನು ಬೇರೆ ಕಡೆ 12% ಇಳಿಕೆ ಬಾಕಿಯ ಸಾಲ, ಅಂದರೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಸಾಲ, ತೆಗೆದುಕೊಂಡ. ಕೇಳಲು ಹತ್ತಕ್ಕಿಂತ ಜಾಸ್ತಿ, ಕಟ್ಟಲು ಕಮ್ಮಿ.

ಶಿಕ್ಷಣ ಸಾಲದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಓದು ಮುಗಿಯುವವರೆಗೆ ಕಂತು ಇಲ್ಲ ಅಂದರೆ ಬಡ್ಡಿಯೂ ಇಲ್ಲ ಅಂತ ಅಂದುಕೊಳ್ಳಬೇಡಿ. ಹಲವು ಸಾಲಗಳಲ್ಲಿ ಆ ಬಡ್ಡಿ ಓಡುತ್ತಲೇ ಇರುತ್ತದೆ, ಯಾವತ್ತೋ ಒಂದು ದಿನ ಅಸಲಿಗೆ ಸೇರುತ್ತದೆ. ಒಂದು ಲಕ್ಷ 10% ನಲ್ಲಿ ನಾಲ್ಕು ವರ್ಷ ಹಾಗೇ ಬಿಟ್ಟು, ವರ್ಷಕ್ಕೊಮ್ಮೆ ಬಡ್ಡಿ ಸೇರಿದರೆ 1,46,410. ಓದುವಾಗಲೇ ತಿಂಗಳಿಗೆ 833 ಕಟ್ಟಿಕೊಂಡು ಬಂದರೆ ಅಸಲು ಒಂದು ಲಕ್ಷದಲ್ಲೇ ನಿಲ್ಲುತ್ತದೆ. ಸಣ್ಣಪುಟ್ಟ ಕೆಲಸದಿಂದ ಬಂದದ್ದರಲ್ಲಿ ನಾನು ಬಡ್ಡಿಯನ್ನಷ್ಟೇ ಕಟ್ಟುತ್ತಿದ್ದೆ. ಪೂರ್ತಿ ಆಗದ ತಿಂಗಳು ಆದಷ್ಟು.

ಉದ್ದದ ಸಾಲದಲ್ಲಿ ಆ ‘ದಾಟುವ ತಿಂಗಳು’ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತದೆ. ಒಂದು ಲಕ್ಷ, 9%, ಇಪ್ಪತ್ತು ವರ್ಷ ಅಂದರೆ ಕಂತು 900. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ 150. ಕಂತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಸಲಿಗೆ ಹೋಗಲು ಶುರುವಾಗುವುದು 12 ವರ್ಷ ಕಳೆದ ಮೇಲೆ. ಅಂದರೆ ಸಾಲದ ಉಳಿದ ಅವಧಿ, ಆ ದರದಲ್ಲಿ ಮೊತ್ತ ದುಪ್ಪಟ್ಟಾಗುವ ಕಾಲದಷ್ಟೇ ಆದಾಗ. 72ನ್ನು 9ರಿಂದ ಭಾಗಿಸಿದರೆ 8, ಇಪ್ಪತ್ತರಲ್ಲಿ ಎಂಟು ಕಳೆದರೆ ಹನ್ನೆರಡು. ಅದೇ ಸಾಲವನ್ನು 5 ವರ್ಷಕ್ಕೆ ತೆಗೆದುಕೊಂಡರೆ ಮೊದಲ ಕಂತಿನಿಂದಲೇ ಅಸಲಿನ ಪಾಲು ದೊಡ್ಡದು. ಹಾಗಾಗಿ ಸಾಲ ತೆಗೆಯುವ ಮೊದಲು ನಾನು ದುಪ್ಪಟ್ಟಾಗುವ ಕಾಲಕ್ಕಿಂತ ಅವಧಿ ಉದ್ದವಿದೆಯಾ ಅಂತ ನೋಡುತ್ತೇನೆ. ಉದ್ದವಿದ್ದರೆ, ಕಂತು ಕಡಿಮೆ ಅನ್ನುವ ಸಮಾಧಾನಕ್ಕೆ ಎಷ್ಟು ಕೊಡುತ್ತಿದ್ದೇನೆ ಅಂತ ಮೊದಲೇ ಗೊತ್ತಿರುತ್ತದೆ.

ಇಂಥ ಸಾಲದಲ್ಲಿ ಸಿಕ್ಕಿಕೊಂಡಿದ್ದರೂ ದಾರಿ ಇದೆ. ಆ 900ರ ಕಂತಿಗೆ ತಿಂಗಳಿಗೆ 100 ಸೇರಿಸಿ 1,000 ಕಟ್ಟಿದರೆ ಇಪ್ಪತ್ತು ವರ್ಷದ ಸಾಲ 15 ವರ್ಷ 6 ತಿಂಗಳಿಗೆ ಮುಗಿಯುತ್ತದೆ, ಬಡ್ಡಿಯಲ್ಲಿ 30,000 ಉಳಿಯುತ್ತದೆ. ಶುರುವಿನ ವರ್ಷಗಳಲ್ಲೇ ಮಾಡಿದರೆ ಲಾಭ ಜಾಸ್ತಿ. ಆದರೆ ಎರಡು ಸಂಗತಿ ಮೊದಲು ಕೇಳಿಕೊಳ್ಳಿ. ಅವಧಿಗೆ ಮುಂಚೆ ಕಟ್ಟಿದರೆ ದಂಡ ಇದೆಯಾ? ಜಾಸ್ತಿ ಕಟ್ಟಿದ್ದು ಅಸಲಿಗೆ ಹೋಗುತ್ತದಾ, ಇಲ್ಲ ಮುಂದಿನ ತಿಂಗಳ ಕಂತು ಅಂತ ಸುಮ್ನೆ ಇಟ್ಟುಕೊಳ್ಳುತ್ತಾರಾ? ಕೆಲವರು ಕಂತನ್ನು ಇಳಿಸಿ ಅವಧಿಯನ್ನು ಹಾಗೇ ಬಿಡುತ್ತಾರೆ. ಆಗ ಮೇಲಿನ ಲಾಭದಲ್ಲಿ ಸ್ವಲ್ಪ ಮಾತ್ರ ಸಿಗುತ್ತದೆ. ‘ಕಂತು ಅಷ್ಟೇ ಇರಲಿ, ಅವಧಿ ಇಳಿಸಿ’ ಅಂತ ಬರೆದು ಕೊಡುವುದು ಒಳ್ಳೆಯದು. ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬಂದಾಗ ನಾಲ್ಕನೇ ಕಾಲಂ ನಿಮ್ಮ ಹಾಳೆಯ ಅಂಕಿಗೆ ಹೊಂದುತ್ತದಾ ನೋಡಿ. ಹೊಂದದಿದ್ದರೆ ಆವತ್ತೇ ಫೋನ್ ಮಾಡಿ.