ಟೈಲ್ಸ್ ಗೆರೆ, ಗೋಡೆ, ಕುರ್ಚಿ: ನಿಂತು ಮಾಡುವ ಆಸನಗಳನ್ನು ನಾನು ತಿದ್ದಿಕೊಂಡ ಬಗೆ

ಹಾಲ್‌ನಲ್ಲಿ 2 ಅಡಿಗೆ 2 ಅಡಿಯ ಟೈಲ್ಸ್ ಇದ್ದರೆ ಕನ್ನಡಿ ಬೇಕಿಲ್ಲ. ಕನ್ನಡಿ ನೋಡಲು ಕತ್ತು ತಿರುಗಿಸಿದ ಕೂಡಲೇ ಭುಜ, ಪಕ್ಕೆ ಎಲ್ಲ ಜಾಗ ಬಿಡುತ್ತವೆ. ಟೈಲ್ಸ್ ಸೇರುವ ಗೆರೆಯಾದರೆ ಪಾದ ನೇರವಿದೆಯೇ, ಎಷ್ಟು ಅಂತರವಿದೆ ಎರಡನ್ನೂ ಹೇಳುತ್ತದೆ. ನಾನು ಮ್ಯಾಟಿನ ಉದ್ದದ ಅಂಚನ್ನು ಗೆರೆಗೆ ಸರಿಯಾಗಿ ಕೂಡಿಸಿ ಹಾಸುತ್ತೇನೆ. ಜಮಖಾನ ಬೇಡ, ನುಣುಪು ನೆಲದ ಮೇಲೆ ಜಾರುತ್ತದೆ. ಕಾಲುಚೀಲವಂತೂ ಬೇಡವೇ ಬೇಡ. ಊಟವಾಗಿ ಮೂರರಿಂದ ನಾಲ್ಕು ಗಂಟೆ ಕಳೆದಿರಬೇಕು.

ಮೊದಲು ತಾಡಾಸನ. ಸುಮ್ಮನೆ ನಿಲ್ಲುವುದರಲ್ಲಿ ಕಲಿಯಲು ಏನಿದೆ ಎನಿಸಬಹುದು. ಮುಂದಿನ ಆಸನಗಳಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಕಾಣಿಸುತ್ತವೆ. ಪಾದಗಳ ನಡುವೆ ಒಂದು ಗೇಣು ಅಂತರ. ಪಾದದ ಒಳಅಂಚಲ್ಲ, ಹೊರಅಂಚು ಗೆರೆಗೆ ಸಮಾನಾಂತರವಾಗಿರಲಿ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿಯ ನಡು, ಈ ಮೂರು ಕಡೆ ಭಾರ ಸಮನಾಗಿ ಬೀಳಬೇಕು. ಬೆರಳುಗಳನ್ನು ಮೇಲೆತ್ತಿ ನೋಡಿ: ಎತ್ತಲು ಆಗದಿದ್ದರೆ ಭಾರ ಮುಂದಕ್ಕೆ ವಾಲಿದೆ.

ಮಂಡಿಯಲ್ಲಿ ಎರಡು ಬಗೆಯ ತಪ್ಪು ಆಗುತ್ತದೆ. ತೊಡೆಯ ಮುಂಭಾಗದ ಸ್ನಾಯು ಸಡಿಲವಿದ್ದರೆ ಮಂಡಿಚಿಪ್ಪನ್ನು ಬೆರಳಿನಿಂದ ಅತ್ತಿತ್ತ ಆಡಿಸಬಹುದು. ಸ್ನಾಯು ಬಿಗಿದರೆ ಚಿಪ್ಪು ಮೇಲೆದ್ದು ನಿಲ್ಲುತ್ತದೆ. ಬೇಕಾದ್ದು ಇದೇ. ಆದರೆ ಕೆಲವರು ಚಿಪ್ಪು ಎತ್ತುವ ಬದಲು ಮಂಡಿಯನ್ನೇ ಹಿಂದಕ್ಕೆ ತಳ್ಳುತ್ತಾರೆ, ಕಾಲು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಅಂಥವರು ಮೀನಖಂಡವನ್ನು ಕೂದಲೆಳೆಯಷ್ಟು ಮುಂದಕ್ಕೆ ತಂದು, ಆಮೇಲೆ ತೊಡೆ ಬಿಗಿಯಬೇಕು.

ಹಿಮ್ಮಡಿಯನ್ನು ಗೋಡೆಯಿಂದ ಎರಡು ಅಂಗುಲ ದೂರವಿಟ್ಟು ನಿಂತರೆ ಪೃಷ್ಠ ಮತ್ತು ಬೆನ್ನಿನ ಮೇಲ್ಭಾಗ ಗೋಡೆಗೆ ತಾಗುತ್ತವೆ. ತಲೆ ತಾಗದಿದ್ದರೆ ಗಲ್ಲ ಎತ್ತಿ ತಾಗಿಸಬೇಡಿ. ಸೊಂಟದ ಹಿಂದೆ ಅಂಗೈ ತೂರುವಷ್ಟು ಸಂದು ಸಹಜ. ಮುಷ್ಟಿಯೇ ತೂರಿದರೆ ಪಕ್ಕೆಲುಬು ಮುಂದಕ್ಕೆ ಉಬ್ಬಿದೆ ಎಂದರ್ಥ. ಆಗ ಕೆಳಗಿನ ಪಕ್ಕೆಲುಬನ್ನು ಉಸಿರು ಬಿಡುತ್ತಾ ಇಳಿಸಿದರೆ ಸಾಕು. 'ಬಾಲದ ಮೂಳೆ ಒಳಗೆ ತಗೊಳ್ಳಿ' ಎಂದು ತರಗತಿಗಳಲ್ಲಿ ಹೇಳುವುದುಂಟು. ಅದನ್ನು ಅತಿಯಾಗಿ ಪಾಲಿಸಿ ಸೊಂಟದ ಸಹಜ ಬಾಗನ್ನೇ ಚಪ್ಪಟೆ ಮಾಡಿಕೊಳ್ಳುವವರೂ ಇದ್ದಾರೆ.

ಮುಂದೆ ಬಾಗುವ ಆಸನಗಳಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಮಡಿಕೆ ಎಲ್ಲಿ ಬೀಳುತ್ತಿದೆ? ಬೀಳಬೇಕಾದ್ದು ತೊಡೆಸಂದಿನಲ್ಲಿ. ತೊಡೆಯ ಹಿಂಭಾಗದ ಸ್ನಾಯುಗಳು ನಾವು ಕೂತಾಗ ನೆಲಕ್ಕೆ ಒತ್ತುವ ಮೂಳೆಗಳಿಂದ ಹೊರಟು ಮಂಡಿಯ ಕೆಳಗೆ ಬಂದು ಸೇರುತ್ತವೆ. ಅವು ಬಿಗಿಯಾಗಿದ್ದರೆ ಕಟಿಯ ಮೂಳೆ ಮುಂದಕ್ಕೆ ಹೊರಳಲು ಬಿಡುವುದಿಲ್ಲ. ಆದರೂ ಕೈ ನೆಲ ಮುಟ್ಟಲೇಬೇಕೆಂದು ಹಟ ಹಿಡಿದರೆ ಬಾಗುವುದು ಸೊಂಟದ ಬೆನ್ನುಮೂಳೆ. ಆಗ ಅಲ್ಲಿನ ಡಿಸ್ಕ್‌ಗಳ, ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆಗಳ, ಮುಂಭಾಗ ಅದುಮಿಕೊಳ್ಳುತ್ತದೆ.

ಅದಕ್ಕೆ ನಿಂತು ಮುಂದೆ ಬಾಗುವ ಉತ್ತಾನಾಸನವನ್ನು ಗೋಡೆಯಲ್ಲೇ ಶುರು ಮಾಡುವುದು. ಸೊಂಟದೆತ್ತರಕ್ಕೆ ಗೋಡೆಯ ಮೇಲೆ ಅಂಗೈ ಊರಿ, ಬೆನ್ನು ನೆಲಕ್ಕೆ ಸಮಾನಾಂತರವಾಗುವವರೆಗೆ ಹಿಂದೆ ನಡೆಯಿರಿ. ಪಾದ ನೇರ ಸೊಂಟದ ಕೆಳಗಿರಲಿ. ಬೆನ್ನು ಗೂನಾದರೆ ಮಂಡಿ ಬಾಗಿಸಿ. ಗೂನು ಹೋದ ಮೇಲೆ ಮಂಡಿಯನ್ನು ಆದಷ್ಟೇ ನೇರ ಮಾಡಿ. ಕೂತು ಮಾಡುವ ಪಶ್ಚಿಮೋತ್ತಾನಾಸನಕ್ಕೂ ಇದೇ ಲೆಕ್ಕ: ಮಡಿಸಿದ ಕಂಬಳಿ ಮೂರು ನಾಲ್ಕು ಅಂಗುಲ ಎತ್ತರಕ್ಕೆ ಹಾಕಿ ಅದರ ಅಂಚಿನಲ್ಲಿ ಕೂರಬೇಕು. ಪಾದಕ್ಕೆ ಬೆಲ್ಟ್ ಹಾಕಿ ಹಿಡಿಯಬಹುದು, ಹಳೆಯ ಪಂಚೆಯೂ ನಡೆಯುತ್ತದೆ. ಎಳೆತ ತೊಡೆಯ ನಡುಭಾಗದಲ್ಲಿ ಗೊತ್ತಾದರೆ ಸರಿ. ಕೂರುವ ಮೂಳೆಯ ಬುಡದಲ್ಲೇ ನೋವಾದರೆ ಅದು ಸ್ನಾಯುವಿನ ಕೊನೆಯ ತಂತು ಜಗ್ಗುತ್ತಿರುವ ಗುರುತು. ಅಲ್ಲಿ ಮುಂದುವರಿದರೆ ತಿಂಗಳುಗಟ್ಟಲೆ ಕಾಡುತ್ತದೆ.

ಇನ್ನು ತ್ರಿಕೋನಾಸನ, ಕಾಲು ಅಗಲಿಸಿ ಪಕ್ಕಕ್ಕೆ ಬಗ್ಗುವ ಆಸನ. ಕಲಿಯುವವರು ಕಾಲುಗಳನ್ನು ಮೂರರಿಂದ ಮೂರೂವರೆ ಅಡಿ ಅಗಲಿಸಿದರೆ ಸಾಕು, ಅಂದರೆ ಟೈಲ್ಸ್ ಲೆಕ್ಕದಲ್ಲಿ ಎರಡಕ್ಕೆ ಸ್ವಲ್ಪ ಕಡಿಮೆ. ಎಡಪಾದದ ಹೊರಅಂಚನ್ನು ಗೋಡೆಗೆ ಒತ್ತಿ ನಿಲ್ಲುತ್ತೇನೆ, ಜಾರುವ ಭಯವಿರದು. ಬಲಪಾದ ಹೊರಕ್ಕೆ 90 ಡಿಗ್ರಿ, ಎಡಪಾದ ಒಳಕ್ಕೆ 15-20 ಡಿಗ್ರಿ. ಬಲ ಹಿಮ್ಮಡಿಯಿಂದ ಎಳೆದ ಗೆರೆ ಎಡ ಅಂಗಾಲಿನ ಕಮಾನಿನ ನಡುವೆ ಹಾಯಬೇಕು.

ಇಲ್ಲಿ ಪಾದ ಮಾತ್ರ ತಿರುಗಿ ತೊಡೆ ತಿರುಗದೆ ಉಳಿಯುವುದೇ ದೊಡ್ಡ ತಪ್ಪು. ಸೊಂಟದ ಕೀಲು ಬಟ್ಟಲಲ್ಲಿ ಕೂತ ಗುಂಡಿನಂತೆ, ಎತ್ತ ಬೇಕಾದರೂ ತಿರುಗೀತು. ಮಂಡಿ ಬಾಗಿಲ ಕೀಲಿನಂಥದು. ಮಡಚಲು, ಬಿಡಿಸಲು ಬಲ್ಲದೇ ಹೊರತು ತಿರುಚುವುದನ್ನು ಹೆಚ್ಚು ತಾಳದು. ಬಗ್ಗುವ ಮೊದಲು ಕೆಳಗೆ ನೋಡಿ: ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ಕಡೆಗಿರಬೇಕು. ಹೆಬ್ಬೆರಳು ದಾಟಿ ಒಳಕ್ಕೆ ಕಂಡರೆ ಇಡೀ ತೊಡೆಯನ್ನು ಹೊರಕ್ಕೆ ಹೊರಳಿಸಿ. ಅದು ಸಾಧ್ಯವಾಗದಿದ್ದರೆ ಪಾದವನ್ನೇ ಹತ್ತು ಡಿಗ್ರಿ ಹಿಂದೆ ತನ್ನಿ.

ಕೈ ಎಲ್ಲಿಡುವುದು? ಕುರ್ಚಿಯ ಮೇಲೆ. ಅಭ್ಯಾಸವಾದಂತೆ ಒಂಬತ್ತು ಅಂಗುಲದ ಮರದ ಇಟ್ಟಿಗೆಯನ್ನು ಮೀನಖಂಡದ ಹಿಂದೆ ನಿಲ್ಲಿಸಿ. ಮಂಡಿಯ ಮೇಲೆ ಮಾತ್ರ ಊರಬೇಡಿ. ಇಟ್ಟಿಗೆ, ಕುರ್ಚಿ, ಬೆಲ್ಟ್ ಎಂದರೆ ಮೂಗು ಮುರಿಯುವವರಿಗೆ ನೆನಪಿರಲಿ: ಇವುಗಳ ಬಳಕೆಯನ್ನು ಜಗತ್ತಿನೆಲ್ಲೆಡೆ ಹರಡಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್. ಕೈ ನೆಲಕ್ಕೆ ಹೋಗುವಾಗ ಬಲಪಕ್ಕೆ ಮುದುಡಿದರೆ ಎತ್ತರ ಸಾಲದು ಎಂದೇ ಲೆಕ್ಕ. ಎರಡೂ ಪಕ್ಕೆ ಒಂದೇ ಉದ್ದವಿರಬೇಕು.

ಎಡ ಸೊಂಟವನ್ನು ಗೋಡೆಗೆ ಒರಗಿದಂತೆ ಪೂರ್ತಿ ಹಿಂದೆ ತಳ್ಳುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ಸೊಂಟದ ರಚನೆ ಎಲ್ಲರದೂ ಒಂದೇ ಥರ ಇರುವುದಿಲ್ಲ. ಒತ್ತಾಯಿಸಿದರೆ ಸೊಂಟದ ಹಿಂದೆ, ತ್ರಿಕಾಸ್ಥಿ (ಬೆನ್ನುಮೂಳೆಯ ತಳದ ತ್ರಿಕೋನಾಕಾರದ ಮೂಳೆ) ಸೇರುವ ಕೀಲಿಗೆ ಪೆಟ್ಟು. ಎಡ ಸೊಂಟ ತುಸು ಮುಂದೆ ಬರಲಿ, ಎದೆ ಮಾತ್ರ ತಿರುಗಲಿ. ಕತ್ತು ನೋಯುವವರು ಮೇಲೆ ನೋಡದೆ ಎದುರಿನ ಗೋಡೆ ನೋಡಿ. ಐದು ಉಸಿರು ಸಾಕು. ಏಳುವಾಗ ಕೈಯಿಂದ ದಬ್ಬದೆ ಎಡ ಹಿಮ್ಮಡಿಯನ್ನು ಒತ್ತಿ ಏಳಿ. ಸುಸ್ತಾಗಿ ಗಮನ ತಪ್ಪುವುದು ಈ ಏಳುವ ಹೊತ್ತಿನಲ್ಲೇ.

ಕಾಲು ಅಗಲಿಸಿ ಒಂದು ಮಂಡಿ ಬಾಗಿಸುವ ಎರಡನೇ ವೀರಭದ್ರಾಸನದಲ್ಲಿ, ಬಾಗಿದ ಮಂಡಿ ಅದೇ ಪಾದದ ಗಂಟಿನ ನೇರ ಮೇಲಿರಲಿ. ಒಳಕ್ಕೆ ವಾಲಿದರೆ ತೊಡೆಯ ಕೆಳಗೆ ಕುರ್ಚಿ ಕೊಡಿ. ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನದಲ್ಲಿ ಪರೀಕ್ಷೆ ಸುಲಭ: ಎದ್ದ ಎತ್ತರದಲ್ಲಿ ಅಂಗೈಗಳನ್ನು ನೆಲದಿಂದ ಅರ್ಧ ಅಂಗುಲ ಬಿಡಿಸಿ. ಎದೆ ಧೊಪ್ಪನೆ ಬಿದ್ದರೆ ಎದ್ದದ್ದು ತೋಳಿನಿಂದ, ಬೆನ್ನಿನಿಂದಲ್ಲ.

ಎಲ್ಲದರಲ್ಲೂ ನಾನು ಗಮನ ಹರಿಸುವ ಕ್ರಮ ಪಾದ, ಮಂಡಿ, ಸೊಂಟ, ಪಕ್ಕೆಲುಬು, ಕತ್ತು. ಒಂದೊಂದಕ್ಕೆ ಒಂದು ಉಸಿರು. ಮಧ್ಯೆ ಉಸಿರು ಕಟ್ಟಿದರೆ ಅಲ್ಲಿಂದ ಕಾಲು ಭಾಗ ಹಿಂದೆ ಬರುತ್ತೇನೆ. ಚುಚ್ಚುವ ನೋವು, ಜೋಮು, ಕಾಲಿಗಿಳಿಯುವ ಮಿಂಚು ಕಂಡರೆ ಆಸನದಿಂದ ಹೊರಬರಬೇಕು. ಡಿಸ್ಕ್ ತೊಂದರೆ, ಹತೋಟಿಗೆ ಬಾರದ ಬಿಪಿ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತಲೆ ತಗ್ಗಿಸುವ ಆಸನಗಳಿಗೆ ಇಳಿಯಬಾರದು.

ಕೊನೆಗೆ ಐದು ನಿಮಿಷ ಶವಾಸನ. ಸೊಂಟ ಹಿಡಿದಿದ್ದರೆ ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ಗಲ್ಲ ಹಣೆಗಿಂತ ಮೇಲೆದ್ದಿದ್ದರೆ ತಲೆಯಡಿ ಟವೆಲ್ ಮಡಿಸಿಡಿ. ಏಳುವಾಗ ಬಲಕ್ಕೆ ಹೊರಳಿ, ಎರಡು ಉಸಿರು ಹಾಗೇ ಇದ್ದು, ಎಡಗೈ ಊರಿ ಏಳಿ, ತಲೆ ಕೊನೆಯಲ್ಲಿ ಬರಲಿ.