ಹಳೇ ಕಂಪ್ಯೂಟರ್‌ಗಳ ಪುಟ್ಟ ಮ್ಯೂಸಿಯಂ ನೋಡಲು ಹೋಗ್ತೀರಾ?

ಇಂಥ ಮ್ಯೂಸಿಯಂಗಳು ದಿನವೂ ತೆರೆದಿರುವುದು ಕಡಿಮೆ, ಹಾಗಾಗಿ ಮೊದಲೇ ವಿಚಾರಿಸಿ. ಯಾವ ಯಂತ್ರಗಳು ಈಗಲೂ ಓಡುತ್ತವೆ, ಮುಟ್ಟಲು ಬಿಡುತ್ತಾರಾ ಅಂತಲೂ ಕೇಳಿಕೊಳ್ಳಿ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಿಬಿಡಬೇಕು ಅಂತ ಓಡಬೇಡಿ. 1975ರ ಆಲ್ಟೇರ್ 8800 ಕಂಪ್ಯೂಟರ್ ಇದ್ದರೆ ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ಕೀಬೋರ್ಡ್ ಇಲ್ಲ, ಪರದೆ ಇಲ್ಲ, ಸಾಲಾಗಿ ಸ್ವಿಚ್ಚುಗಳು ಮತ್ತು ಪುಟ್ಟ ಕೆಂಪು ದೀಪಗಳು ಅಷ್ಟೇ. ಎಂಟು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಇನ್ನೊಂದನ್ನು ಒತ್ತಿದರೆ ಒಂದೇ ಒಂದು ಬೈಟ್ (ಸುಮಾರು ಒಂದು ಇಂಗ್ಲಿಷ್ ಅಕ್ಷರದಷ್ಟು ಮಾಹಿತಿ) ಒಳಗೆ ಹೋಗುತ್ತದೆ, ಒಂದು ತಪ್ಪಿದರೆ ಪ್ರೋಗ್ರಾಂ ಕೆಟ್ಟಿತು ಅಂತಲೇ ಲೆಕ್ಕ. ಬಿಡಿಭಾಗ ಜೋಡಿಸಿಕೊಳ್ಳುವ ಮೂಲ ಕಿಟ್‌ನಲ್ಲಿದ್ದ ಮೆಮೊರಿ 256 ಬೈಟ್, ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ!

ಆಮೇಲೆ ಸೀದಾ 1977ಕ್ಕೆ ಬನ್ನಿ. ಆ್ಯಪಲ್ 2, ಕಮೋಡೋರ್ ಪೆಟ್, ಟಿಆರ್‌ಎಸ್-80 ಮೂರೂ ಅದೇ ವರ್ಷದ ಕಂಪ್ಯೂಟರ್‌ಗಳು, ಮೂರಕ್ಕೂ ಕೀಬೋರ್ಡ್ ಇದೆ. ಎರಡೇ ವರ್ಷದಲ್ಲಿ ಎಷ್ಟು ಬದಲಾಯ್ತು ಅಲ್ವಾ? ಹಾಡು ಕೇಳುವಂಥ ಟೇಪ್ ಕ್ಯಾಸೆಟ್‌ನಿಂದ ಗೇಮ್ ಲೋಡ್ ಮಾಡಿ ತೋರಿಸುತ್ತಾರಾ ಕೇಳಿ. ನಿಮಿಷಗಟ್ಟಲೆ ಕಾಯಬೇಕು, ಆದರೆ ಕಾಯುವುದೇ ಮಜಾ. 1981ರ ಐಬಿಎಂ ಪಿಸಿ ಸಿಕ್ಕರೆ ಕೀಲಿ ಒತ್ತಿ ನೋಡಿ, ಆ 'ಟಕ್' ಸದ್ದು ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲಿದೆ?

ಹಳೇ ಮಾನಿಟರ್ ಫೋಟೋದಲ್ಲಿ ಕಪ್ಪು ಪಟ್ಟಿ ಬಂದರೆ ಶಟರ್ ವೇಗ ಇಳಿಸಿ. ಮನೆಯ ಹಳೇ ಫ್ಲಾಪಿ ತಂದಿದ್ದರೆ ಕೇಳದೆ ಸುಮ್ನೆ ಡ್ರೈವ್‌ಗೆ ತೂರಿಸಬೇಡಿ. ಬೂಷ್ಟು ಹಿಡಿದಿದ್ದರೆ ಡ್ರೈವ್‌ನೊಳಗಿನ, ಫ್ಲಾಪಿ ಓದುವ ಹೆಡ್ಡೂ ಹಾಳಾಗಬಹುದು.