ಎಲ್ಲ ಆಡಿಗೂ ಹುಳದ ಮದ್ದು ಹಾಕುವುದು ಬಿಟ್ಟ ಮೇಲೆ ನನ್ನ ಹಟ್ಟಿಯಲ್ಲಿ ಸಾವು ನಿಂತದ್ದು

ಎರಡು ಮಳೆಗಾಲ ಕಳೀತು, ರಕ್ತ ಇಲ್ಲದೆ ಬಿಳಿಚಿಕೊಂಡು ನನ್ನ ಹಟ್ಟಿಯ ಒಂದು ಆಡೂ ಸತ್ತಿಲ್ಲ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಜೂನ್ ಜುಲೈಯಲ್ಲಿ ಆಡು ಸಾಕಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತುಂಟು. "ಎಲ್ಲದಕ್ಕೂ ಒಟ್ಟಿಗೆ ಮದ್ದು ಹಾಕದೆ ಹುಳ ಹೋಗ್ಲಿಕ್ಕುಂಟಾ ಬಾವ, ನಿಮ್ಗೆ ಮರ್ಲು (ಹುಚ್ಚು)" ಅಂತ ಹೇಳಿದವರೇ ಈಗ ಫೋನ್ ಮಾಡಿ ಕೇಳ್ತಾರೆ, ಅದಕ್ಕೇ ಬರೆಯುವಾ ಅಂತ ಕೂತದ್ದು. ಮದ್ದು ಕುಡಿಸುವುದು ಹೇಗೆ ಅದೆಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡ್ತೇನೆ.

ಮೊದಲು ಹೋದದ್ದರ ಲೆಕ್ಕ. ಮೂರು ವರ್ಷದ ಹಿಂದೆ ದೊಡ್ಡದು ಸಣ್ಣದು ಸೇರಿ 31 ಮಲಬಾರಿ ತಳಿಯ ಆಡು ಇತ್ತು. ತಿಂಗಳಿಗೊಮ್ಮೆ ತಪ್ಪದೆ ಅಲ್ಬೆಂಡಝೋಲ್ ಅನ್ನುವ ಹುಳದ ಮದ್ದು ಹಾಕ್ತಿದ್ದೆ, ಆದ್ರೂ ಆ ಮಳೆಗಾಲ 9 ಹೋಯ್ತು, ಅದ್ರಲ್ಲಿ 3 ಗಬ್ಬದ್ದು. ಅಂದಾಜು 70-75 ಸಾವಿರ ನಷ್ಟ. ದವಡೆ ಅಡಿಯಲ್ಲಿ ನೀರು ತುಂಬಿ ಚೀಲದ ಹಾಗೆ ಜೋತು ಬೀಳ್ತದೆ, ಆದ್ರೆ ಹಿಕ್ಕೆ ಗಟ್ಟಿಯೇ, ಭೇದಿ ಇಲ್ಲ, ಮದ್ದು ಬೇರೆ ಹಾಕಿಯಾಗಿದೆ, ಹಾಗಾಗಿ ಹುಳ ಅಂತ ತಲೆಗೇ ಬರ್ಲಿಲ್ಲ. ರಕ್ತ ಕಡಿಮೆ ಅಲ್ವಾ ಅಂತ ಕಬ್ಬಿಣದ ಇಂಜೆಕ್ಷನ್, ಲಿವರ್ ಟಾನಿಕ್, ನುಗ್ಗೆ ಸೊಪ್ಪು, ಬೆಲ್ಲ ಅಂತ ಮತ್ತೆ ನಾಲ್ಕು ಸಾವಿರ ಸುರಿದೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಕೊನೆಗೆ ಸತ್ತದ್ದೊಂದನ್ನು ನಾನೇ ಕೊಯ್ದು ನೋಡಿದೆ. ರಕ್ತ ಪುನರ್ಪುಳಿ ಶರಬತ್ತಿನಷ್ಟು ತೆಳು. ನಾಲ್ಕನೇ ಹೊಟ್ಟೆ ಬಿಡಿಸಿದ್ರೆ ಒಳಗೆ ಇಂಚಿನಷ್ಟುದ್ದದ, ಕೂದಲಿನಂಥ ಹುಳಗಳು, ಕೆಂಪು ಬಿಳಿ ದಾರ ಹುರಿ ಮಾಡಿದ ಹಾಗೆ, ಇನ್ನೂ ಮಿಸುಕಾಡ್ತಿದ್ದವು. ಹಿಮಾಂಕಸ್ ಅನ್ನುವ ರಕ್ತ ಹೀರುವ ಹುಳ. ಒಂದು ಹುಳ ದಿನಕ್ಕೆ 0.05 ಮಿಲಿ ರಕ್ತ ಹೀರ್ತದೆ ಅಂತ ಡಾಕ್ಟ್ರು ಹೇಳಿದ್ರು, ಐದು ಸಾವಿರ ಹುಳ ಇದ್ರೆ ದಿನಕ್ಕೆ ಕಾಲು ಲೀಟರ್ ಆಯ್ತು, ಯಾವ ಟಾನಿಕ್ ಅದನ್ನು ತುಂಬಿಸ್ತದೆ? ಅವರು ಹೇಳಿದ ಹಾಗೆ ಮದ್ದು ಹಾಕುವ ಮೊದಲು ಒಮ್ಮೆ, ಎರಡು ವಾರ ಬಿಟ್ಟು ಒಮ್ಮೆ ಹಿಕ್ಕೆ ಟೆಸ್ಟ್ ಮಾಡಿಸಿದೆ. ಹುಳದ ಮೊಟ್ಟೆ ಲೆಕ್ಕ ಹೆಚ್ಚು ಕಡಿಮೆ ಮೊದಲಿನಷ್ಟೇ! ವರ್ಷಗಟ್ಟಲೆ ತಿಂಗಳು ತಿಂಗಳು ಎಲ್ಲದಕ್ಕೂ ಹಾಕಿ ಹಾಕಿ ಆ ಮದ್ದಿಗೆ ಬಗ್ಗದ ಹುಳವನ್ನು ನಾನೇ ಸಾಕಿದ್ದು.

ಕಣ್ಣು ನೋಡಿ ಯಾವ ಆಡಿಗೆ ಮದ್ದು ಬೇಕು ಅಂತ ತಿಳಿಯುವ ವಿಷಯ ನನ್ನ ತಂಗಿಯ ಬಾಣಂತನದಲ್ಲಿ ಶುರುವಾದ್ದು. ನರ್ಸಮ್ಮ ಬಂದು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ "ರಕ್ತ ಸಾಲದು" ಅಂದ್ರು. ಆಡಿಗೂ ಹೀಗೇ ನೋಡಬಹುದಲ್ವಾ ಅಂತ ಡಾಕ್ಟ್ರ ಹತ್ರ ಕೇಳಿದ್ರೆ, ದಕ್ಷಿಣ ಆಫ್ರಿಕಾದವರು ಕುರಿಗೆ ಅಂತ ಮಾಡಿದ ಫಮಾಚಾ ಅನ್ನುವ ಬಣ್ಣದ ಕಾರ್ಡೇ ಉಂಟು ಅಂದ್ರು, 1 ಅಂದ್ರೆ ಕೆಂಪು, 5 ಅಂದ್ರೆ ಬಿಳಿ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ನೋಡ್ತೇನೆ, ನೆರಳಲ್ಲಿ ಅಲ್ಲ, ಬಯಲ ಬೆಳಕಲ್ಲಿ. ಒಂದು ಹೆಬ್ಬೆರಳಲ್ಲಿ ಮೇಲಿನ ರೆಪ್ಪೆ ಮುಚ್ಚಿ ಹಗುರ ಒತ್ತಿ, ಇನ್ನೊಂದರಲ್ಲಿ ಕೆಳಗಿನದನ್ನು ಎಳೆದ್ರೆ ಒಳಗಿನ ಪದರ ಪುಳಕ್ಕನೆ ಹೊರಗೆ ಬರ್ತದೆ, ಅದರ ಬಣ್ಣ ನೋಡಬೇಕು. ದಾಳಿಂಬೆ ಬೀಜದ ಹಾಗಿದ್ರೆ ಮುಟ್ಟುವುದಿಲ್ಲ. ತಿಳಿ ಗುಲಾಬಿಯಿಂದ ಆಚೆ, ಬೊಂಡದ ಗಂಜಿಯಷ್ಟು ಬಿಳಿ ಆದವಕ್ಕೆ ಮಾತ್ರ ಮದ್ದು. ಗಬ್ಬದ್ದು, ಹಾಲು ಕೊಡುವಂಥದ್ದು ಮಧ್ಯದ ಬಣ್ಣದಲ್ಲಿದ್ರೂ ಮದ್ದು ಹಾಕದೆ ಬಿಡುವುದಿಲ್ಲ. 25ರಲ್ಲಿ ಸಾಧಾರಣ 6-7ಕ್ಕೆ ಬೀಳ್ತದೆ, ಅದೂ ಹೆಚ್ಚಾಗಿ ಪ್ರತಿ ಸಲ ಅವೇ ಆಡುಗಳು. ಎರಡು ಹೆಣ್ಣಾಡು ಹಾಗೆ ಪದೇ ಪದೇ ಬಿದ್ದದ್ದಕ್ಕೆ ಮಾರಿಯೇಬಿಟ್ಟೆ, ಅವುಗಳ ಮರಿಗಳನ್ನೂ ಇಟ್ಟುಕೊಳ್ಳಲಿಲ್ಲ.

ಮದ್ದು ಲೆವಾಮಿಸೋಲ್ ಅನ್ನುವ ಬೇರೆ ಹುಳದ ಮದ್ದಿಗೆ ಬದಲಾಯ್ತು. ಇದರಲ್ಲಿ ಕಣ್ಣಂದಾಜು ಮಾಡ್ಬೇಡಿ ದಮ್ಮಯ್ಯ. ನಾನು 15 ಕಿಲೋ ಇರಬಹುದು ಅಂತ ಒಂದು ಪಡ್ಡೆಗೆ ಕುಡಿಸಿದೆ, ಅರ್ಧ ಗಂಟೆಯಲ್ಲಿ ಬಾಯಲ್ಲಿ ನೊರೆ, ಮೈಯೆಲ್ಲ ನಡುಕ, ನಿಲ್ಲಲಿಕ್ಕೆ ಆಗ್ಲಿಲ್ಲ. ಸಂಜೆಗೆ ಸುಧಾರಿಸಿತು, ಆಮೇಲೆ ತೂಗಿದ್ರೆ ಬರೀ 9 ಚಿಲ್ಲರೆ ಕಿಲೋ. ಅಂದಿನಿಂದ ಅಡಿಕೆ ತೂಗುವ ಕೊಕ್ಕೆಯ ಕಾಟಾಕ್ಕೆ ಗೋಣಿ ಕಟ್ಟಿ ಪ್ರತಿಯೊಂದನ್ನೂ ತೂಗ್ತೇನೆ. ಆಡಿನ ಡೋಸು ಕುರಿಯ ಡೋಸಲ್ಲ, ಡಾಕ್ಟ್ರಲ್ಲೇ ಕೇಳಿ.

ಅಡಿಕೆ ಅಂದಾಗ ನೆನಪಾಯ್ತು. ಅಜ್ಜ ನಾಯಿಗೆ ಹುಳಕ್ಕೆ ಅಡಿಕೆ ಪುಡಿ ಕೊಡ್ತಿದ್ರು, ಅದನ್ನು ಒಂದು ಆಡಿಗೆ ಮಾಡಿ ನೋಡಿದೆ. ಜೊಲ್ಲು ಸುರೀತು, ಭೇದಿ ಆಯ್ತು, ಮೊಟ್ಟೆ ಮಾತ್ರ ಒಂದೂ ಕಮ್ಮಿ ಆಗ್ಲಿಲ್ಲ. ಪಪ್ಪಾಯಿ ಬೀಜವೂ ಅಷ್ಟೇ.

ನನ್ನ ಪ್ರಕಾರ ಅರ್ಧ ಕೆಲಸ ಮಾಡಿದ್ದು ಜಾಗ ಬದಲಿಸಿದ್ದು. ಮೊದಲು ಅಡಿಕೆ ತೋಟದೊಳಗೆ ಬಿಡ್ತಿದ್ದೆ, ಅಲ್ಲಿ ಸ್ಪ್ರಿಂಕ್ಲರ್ ಇದ್ದ ಕಾರಣ ಬೇಸಿಗೆಯಲ್ಲೂ ಹುಲ್ಲು ಒದ್ದೆ, ಹುಳದ ಮರಿ ಅಲ್ಲೇ ಕಾದು ಕೂತಿರ್ತದೆ. ಈಗ ಇಬ್ಬನಿ ಆರಿದ ಮೇಲೆ ಮುರಕಲ್ಲಿನ ಗುಡ್ಡೆಗೆ, ಜೋರು ಮಳೆಯಲ್ಲಿ ಹಟ್ಟಿಯಲ್ಲೇ ಹಲಸಿನ ಸೊಪ್ಪು ಕಟ್ಟಿ ನೇತಾಡಿಸ್ತೇನೆ. ಬಿಳಿಚಿದ ಆಡನ್ನಂತೂ ಓಡಿಸಲೇಬಾರದು, ಓಡಿಸಿದ್ರೆ ಅಲ್ಲೇ ಬಿದ್ದು ಸಾಯ್ತದೆ. ಹುಳ ಹೋದ ಮೇಲೆ ಕಬ್ಬಿಣಕ್ಕಿಂತ ನೆಲಗಡಲೆ ಹಿಂಡಿ, ಬೇಯಿಸಿದ ಹುರುಳಿ ಹೆಚ್ಚು ಕೆಲಸ ಮಾಡ್ತದೆ, ರಕ್ತದೊಟ್ಟಿಗೆ ಪ್ರೋಟೀನೂ ಹೋಗಿರ್ತದೆ. ಮೂರು ನಾಲ್ಕು ವಾರದಲ್ಲಿ ಕಣ್ಣು ಕೆಂಪಾಗ್ತದೆ. ಹಿಂಡಿಗೆ ನಾನು ಸೇರಿಸುವಂಥದ್ದು ಇನ್ನೊಂದುಂಟು, ಅದನ್ನು ಇಲ್ಲಿ ಬರೆಯುವುದಿಲ್ಲ, ಕಷ್ಟಪಟ್ಟು ಕಂಡುಕೊಂಡದ್ದು.

ಆದ್ರೆ ಕಣ್ಣು ಬಿಳಿ ಆದದ್ದೆಲ್ಲ ಹುಳವೇ ಅಂತ ಇಲ್ಲ. ಹೋದ ವರ್ಷ ಒಂದರ ರೆಪ್ಪೆ ಬಿಳಿಯ ಮೇಲೆ ಹಳದಿ ಛಾಯೆ, ಜ್ವರ, ಹಿಕ್ಕೆಯಲ್ಲಿ ಮೊಟ್ಟೆ ಇಲ್ಲವೇ ಇಲ್ಲ, ಕಿವಿಯೊಳಗೆ ಉಣ್ಣಿ. ರಕ್ತದ ಸ್ಲೈಡಲ್ಲಿ ಅನಪ್ಲಾಸ್ಮಾ, ಅಂದ್ರೆ ಉಣ್ಣಿಯಿಂದ ಹರಡುವ ರಕ್ತದ ರೋಗಾಣು ಅಂತ ಬಂತು, ಟೆಟ್ರಾಸೈಕ್ಲಿನ್ ಇಂಜೆಕ್ಷನ್‌ನಲ್ಲಿ ಉಳೀತು. ಹುಳದ ಮದ್ದೇ ಹಾಕ್ತಾ ಇದ್ದಿದ್ರೆ ಕಳ್ಕೊಳ್ತಿದ್ದೆ.

ಮದ್ದಿನ ಖರ್ಚು ವರ್ಷಕ್ಕೆ ಆರು ಸಾವಿರ ಹತ್ರ ಇದ್ದದ್ದು ಈಗ ಒಂದೂವರೆ ಸಾವಿರ, ಹಿಕ್ಕೆ ಟೆಸ್ಟ್ ಎಲ್ಲ ಸೇರಿ. ಮರ್ಲು ಅಂದ ಆ ಬಾವನ ಹಟ್ಟಿಗೆ ಮೊನ್ನೆ ನಾನೇ ಹೋಗಿ 14 ಆಡಿನ ಕಣ್ಣು ನೋಡಿ ಬಂದೆ. 5 ಬಿಳಿಚಿದ್ದವು, ಅಷ್ಟಕ್ಕೇ ತೂಗಿ ಕುಡಿಸಿದ್ದು. ಬರುವ ಆದಿತ್ಯವಾರ ಪುನಃ ನೋಡ್ಲಿಕ್ಕುಂಟು, ಬಿಸಿಲು ಬಂದ ಮೇಲೆ.